ವರದಿ ಬರುವ ಹೊತ್ತಿಗೆ ಮಾತ್ರೆ ಮುಗಿದಿರುತ್ತದೆ

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ನಮ್ಮ ಮನೆಯಲ್ಲಿ ಮೊಸರು ಹೆಪ್ಪಾಗಲಿಲ್ಲ.

ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಅವ್ವ ರಾತ್ರಿ ಎಂದಿನ ಹಾಗೆ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಬಿಟ್ಟು ಮಲಗಿದ್ದಳು. ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಹೆಪ್ಪು ಕೆಟ್ಟಿರಬೇಕು ಅಂದುಕೊಂಡು ಪಕ್ಕದ ಮನೆಯಿಂದ ಬೇರೆ ಹೆಪ್ಪು ತಂದು ಹಾಕಿದಳು. ಆಗಲೂ ಆಗಲಿಲ್ಲ. "ಯಾರ ಕಣ್ಣು ಬಿತ್ತೋ ಕಾಣೆ ಕಣಮ್ಮಿ" ಅಂದಳು.

ಎರಡು ದಿನದ ಹಿಂದೆ ನಮ್ಮ ಸೀಮೆಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಮೊಲೆಯೊಳಗೆ ಟ್ಯೂಬಿನ ಔಷಧಿ ಏರಿಸಿದ್ದರು. ಆ ಹಾಲನ್ನು ಡೈರಿಗೆ ಹಾಕಬೇಡಿ ಅಂತ ಹೇಳಿ ಹೋಗಿದ್ದರು. ಮನೆಗೂ ಬಳಸಬೇಡಿ ಅಂತ ಯಾರೂ ಹೇಳಿರಲಿಲ್ಲ. ಅಷ್ಟು ಹಾಲು ಚೆಲ್ಲಲು ಅವ್ವನಿಗೆ ಮನಸ್ಸು ಬರಲಿಲ್ಲ.

ಎಷ್ಟೋ ವರ್ಷದ ಮೇಲೆ ಮಾನಸಗಂಗೋತ್ರಿಯಲ್ಲಿ ಮೈಕ್ರೋಬಯಾಲಜಿ ಓದುವಾಗ ಆ ಹಾಲಿನ ಅರ್ಥ ಗೊತ್ತಾಯಿತು. ಹೆಪ್ಪಿನಲ್ಲಿ ಇರುವುದು ಬ್ಯಾಕ್ಟೀರಿಯಾ. ಹಾಲನ್ನು ಹುಳಿ ಮಾಡಿ ಮೊಸರಾಗಿಸುವುದು ಅವೇ. ಕೆಚ್ಚಲಿಗೆ ಏರಿಸಿದ ಆಂಟಿಬಯೋಟಿಕ್ ಹಾಲಿಗೆ ಇಳಿದಿತ್ತು. ಆ ಹಾಲಿನಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಇಂಥ ಔಷಧಿಗಳಲ್ಲಿ ಹೆಚ್ಚಿನವು ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ. ಮೊಸರಾಗದ ಆ ಹಾಲಿನಲ್ಲೇ ನಾವೆಲ್ಲ ಎರಡು ದಿನ ಕಾಫಿ ಕುಡಿದಿದ್ದೆವು.

ಈಗ ನಾನು ಮೈಸೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ದಿನಾ ಮಾಡುವ ಪರೀಕ್ಷೆಯೂ ಅದೇ. ಈ ಔಷಧಿ ಇರುವ ಕಡೆ ಈ ಬ್ಯಾಕ್ಟೀರಿಯಾ ಬೆಳೆಯುತ್ತದೋ ಇಲ್ಲವೋ, ಅಷ್ಟೇ ಪ್ರಶ್ನೆ. ಅವತ್ತು ಅವ್ವನ ಪಾತ್ರೆಯಲ್ಲಿ ಬೆಳೆಯಲಿಲ್ಲ. ಇವತ್ತು ನನ್ನ ಪ್ಲೇಟುಗಳಲ್ಲಿ ಬೆಳೆಯುತ್ತಿವೆ. ರೋಗ ತರುವ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಹಿಂದೆ ನನ್ನ ವಯಸ್ಸಿನ ಹೆಚ್ಚು ಪಾಲು ಕಳೆದಿದೆ. ಅದರಿಂದ ನನಗೆ ಅನ್ನಿಸಿದ ಒಂದು ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು.

ಬಯಲು ಕಾಣದ ಪ್ಲೇಟ್

ಬೆಳಿಗ್ಗೆ ಲ್ಯಾಬಿಗೆ ಹೋದ ಕೂಡಲೇ ಬ್ಯಾಕ್ಟೀರಿಯಾವನ್ನು ಬೆಚ್ಚಗಿಟ್ಟು ಬೆಳೆಸುವ ಇನ್‌ಕ್ಯುಬೇಟರ್ ತೆಗೆಯುತ್ತೇನೆ. ಹಿಂದಿನ ದಿನ ಹಾಕಿಟ್ಟ ಪ್ಲೇಟುಗಳು ಅಲ್ಲಿರುತ್ತವೆ. ಮೂತ್ರ, ಕೀವು, ಕಫ, ರಕ್ತ, ಒಂದೊಂದೂ ಒಬ್ಬೊಬ್ಬರದು. ಪ್ಲೇಟಿನ ತಳದಲ್ಲಿರುವುದು ಅಗರ್. ಸಮುದ್ರದ ಪಾಚಿಯಿಂದ ತೆಗೆಯುವ ಅಂಟು ಅದು. ಅದು ಲ್ಯಾಬಿಗೆ ಬಂದದ್ದು ಅಡುಗೆಮನೆಯಿಂದ. 1881ರ ಸುಮಾರಿಗೆ ಜರ್ಮನಿಯ ರಾಬರ್ಟ್ ಕಾಖ್ ಅವರ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಜೆಲಟಿನ್ ಬಳಸುತ್ತಿದ್ದರು. ಬೆಚ್ಚಗಾದರೆ ಅದು ಕರಗಿ ನೀರಾಗುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ವೈದ್ಯರ ಹೆಂಡತಿ ಫ್ಯಾನಿ ಹೆಸ್ಸೆ, ತಾವು ಜೆಲ್ಲಿ ಮಾಡಲು ಬಳಸುತ್ತಿದ್ದ ಅಗರನ್ನು ಹಾಕಿ ನೋಡಿ ಅಂದರು. ಇಂದಿಗೂ ಜಗತ್ತಿನ ಎಲ್ಲ ಲ್ಯಾಬುಗಳೂ ಅದನ್ನೇ ಬಳಸುತ್ತಿವೆ. ಆ ಹೆಣ್ಣುಮಗಳ ಹೆಸರು ಪಾಠದಲ್ಲಿ ಬರುವುದೇ ಅಪರೂಪ. ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುತ್ತೇನೆ.

ಮೆಕಾಂಕಿ ಅನ್ನುವ ಬಗೆಯ ಅಗರಿನ ಮೇಲೆ ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ ಗುಲಾಬಿ ಬಣ್ಣದ ಚುಕ್ಕೆಗಳಾಗಿ ಬೆಳೆಯುತ್ತದೆ. ಕ್ಲೆಬ್ಸಿಯೆಲ್ಲಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಕೂಡ ಗುಲಾಬಿಯೇ. ಆದರೆ ಲೋಳೆ ಲೋಳೆ. ಕೆಲವೊಮ್ಮೆ ಲೂಪ್ ಅನ್ನುವ ತಂತಿಯನ್ನು ಮುಟ್ಟಿಸಿ ಎತ್ತಿದರೆ ಬೆಲ್ಲದ ಪಾಕದ ಹಾಗೆ ಎಳೆ ಬರುತ್ತದೆ. ಸ್ಯೂಡೋಮೊನಾಸ್ ಇದ್ದರೆ ಮುಚ್ಚಳ ತೆಗೆದ ತಕ್ಷಣ ದ್ರಾಕ್ಷಿ ಹಣ್ಣಿನಂಥ ವಾಸನೆ. ಸುಟ್ಟ ಗಾಯದ ರೋಗಿಗಳ ಡ್ರೆಸಿಂಗ್ ಬಿಚ್ಚಿದಾಗ ಅದೇ ವಾಸನೆ ಬಂದರೆ ನರ್ಸ್‌ಗಳಿಗೂ ಗೊತ್ತಾಗಿಬಿಡುತ್ತದೆ.

ಯಾವುದು ಅಂತ ಗೊತ್ತಾದ ಮೇಲೆ ಇನ್ನೊಂದು ಪ್ಲೇಟಿನ ತುಂಬ ಆ ಬ್ಯಾಕ್ಟೀರಿಯಾ ಸವರುತ್ತೇವೆ. ಅದರ ಮೇಲೆ ಔಷಧಿ ಅದ್ದಿದ ಸಣ್ಣ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಬಿಲ್ಲೆಯ ಅಗಲ 6 ಮಿಲಿಮೀಟರ್. ಮರುದಿನ ನೋಡಿದರೆ, ಔಷಧಿ ನಾಟುವುದಾದರೆ ಬಿಲ್ಲೆಯ ಸುತ್ತ ದುಂಡಗೆ ಬಯಲು ಇರುತ್ತದೆ. ನಾಟದಿದ್ದರೆ ಬಿಲ್ಲೆಯ ಅಂಚಿನವರೆಗೂ ಬೆಳೆ. ಬಯಲಿನ ಅಗಲ ಅಳೆದು ವರದಿಯಲ್ಲಿ 'ಎಸ್' ಅಥವಾ 'ಆರ್' ಅಂತ ಬರೆಯುತ್ತೇವೆ. ಎಸ್ ಅಂದರೆ ಕೆಲಸ ಮಾಡುತ್ತದೆ. ಆರ್ ಅಂದರೆ ಮಾಡುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ಲ ಬಿಲ್ಲೆಗಳಿಗೂ ಆರ್ ಬಂದರೆ ಪರೀಕ್ಷೆ ತಪ್ಪಾಗಿದೆ ಅಂದುಕೊಳ್ಳುತ್ತಿದ್ದೆ. ಮತ್ತೆ ಹಾಕುತ್ತಿದ್ದೆ. ಈಗ ಹಾಗೆ ಅನ್ನಿಸುವುದೇ ಇಲ್ಲ. ಅದು ನನಗೆ ಹೆದರಿಕೆ ಹುಟ್ಟಿಸುತ್ತದೆ.

ಒಗ್ಗಿಹೋಗಿರುವುದು ಮೈಯಲ್ಲ

"ಮೇಡಂ, ನನ್ನ ಮೈ ಮಾತ್ರೆಗೆ ಒಗ್ಗಿಹೋಗಿದೆ, ಡಬಲ್ ಪವರ್ ಕೊಟ್ರೇನೇ ನಾಟೋದು" ಅಂತ ತುಂಬಾ ಜನ ಹೇಳುತ್ತಾರೆ. ಓದಿದವರೂ ಹೇಳುತ್ತಾರೆ. ಇದು ಹಾಗಲ್ಲ. ಬದಲಾಗಿರುವುದು ಬ್ಯಾಕ್ಟೀರಿಯಾ. ಜೀವನದಲ್ಲಿ ಒಂದು ಮಾತ್ರೆಯನ್ನೂ ನುಂಗದ ಮೂರು ದಿನದ ಕೂಸಿಗೂ ಇಂಥ ಬ್ಯಾಕ್ಟೀರಿಯಾ ಅಂಟಬಹುದು. ಆ ಕೂಸಿಗೂ ಅದೇ ಔಷಧಿ ನಾಟುವುದಿಲ್ಲ. ಮೈ ಒಗ್ಗಿದ್ದರೆ ಅದು ಅವರೊಬ್ಬರ ಕಷ್ಟವಾಗಿರುತ್ತಿತ್ತು. ಬ್ಯಾಕ್ಟೀರಿಯಾ ಬದಲಾದರೆ ಅದು ಊರಿನ ಕಷ್ಟ.

ಅನುಕೂಲ ಸಿಕ್ಕರೆ ಇ. ಕೋಲೈ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ರಾತ್ರಿ 11 ಗಂಟೆಗೆ ಒಂದಿದ್ದದ್ದು ಬೆಳಿಗ್ಗೆ 6ಕ್ಕೆ 20 ಲಕ್ಷ ದಾಟುತ್ತದೆ. ಇಷ್ಟು ಸಲ ನಕಲಾಗುವಾಗ ಅಲ್ಲೊಂದು ಇಲ್ಲೊಂದು ತಪ್ಪು ಆಗಿಯೇ ಆಗುತ್ತದೆ. ಹಾಗೆ ತಪ್ಪಿ ಹುಟ್ಟಿದ ಒಂದಕ್ಕೆ ಔಷಧಿ ತಾಳುವ ಗುಣ ಇರಬಹುದು. ಔಷಧಿ ಬಿದ್ದಾಗ ಮಿಕ್ಕವು ಸಾಯುತ್ತವೆ. ಇದೊಂದು ಉಳಿದು, ಖಾಲಿಯಾದ ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ.

ತಾಳುವ ದಾರಿಗಳು ಹಲವು. ಕೆಲವು ಔಷಧಿಯನ್ನೇ ಕತ್ತರಿಸುವ ಕಿಣ್ವ ಮಾಡುತ್ತವೆ. ಕೆಲವು ಒಳಗೆ ಬಂದ ಔಷಧಿಯನ್ನು, ಗದ್ದೆಯಲ್ಲಿ ನಿಂತ ನೀರನ್ನು ಮೋಟರ್ ಇಟ್ಟು ಎತ್ತಿ ಹೊರಹಾಕುವ ಹಾಗೆ, ಹೊರಗೆ ದಬ್ಬುತ್ತವೆ. ಇನ್ನು ಕೆಲವು ಔಷಧಿ ಬಂದು ಕೂರುವ ಜಾಗದ ಆಕಾರವನ್ನೇ ಬದಲಿಸಿಕೊಳ್ಳುತ್ತವೆ. ಇದೆಲ್ಲ ಹೊಸದೂ ಅಲ್ಲ. ಪೆನಿಸಿಲಿನ್ ಜನರ ಬಳಕೆಗೆ ಬರುವ ಮೊದಲೇ, 1940ರಲ್ಲಿ, ಅದನ್ನು ಹಾಳುಮಾಡುವ ಕಿಣ್ವವನ್ನು ಏಬ್ರಹಾಂ ಮತ್ತು ಚೈನ್ ಗುರುತಿಸಿದ್ದರು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು: ಅಂಗಡಿಯಲ್ಲಿ ಪೆನಿಸಿಲಿನ್ ಕೊಂಡು ಸಾಕಾಗದಷ್ಟು ತೆಗೆದುಕೊಂಡವನು ತನ್ನ ಗಂಟಲಿನ ಬ್ಯಾಕ್ಟೀರಿಯಾವನ್ನು ಗಟ್ಟಿ ಮಾಡುತ್ತಾನೆ, ಅದು ಅವನ ಹೆಂಡತಿಗೆ ಅಂಟುತ್ತದೆ, ಅವಳಿಗೆ ಔಷಧಿ ನಾಟುವುದಿಲ್ಲ, ಅವಳು ಸಾಯುತ್ತಾಳೆ. ಸಾಯುವುದು ತಪ್ಪು ಮಾಡಿದವನಲ್ಲ ಅನ್ನುವುದನ್ನು ಗಮನಿಸಿ.

ನನ್ನನ್ನು ಈ ಕ್ಷೇತ್ರಕ್ಕೆ ಎಳೆದದ್ದು ಇದಕ್ಕಿಂತಲೂ ವಿಚಿತ್ರವಾದ ಇನ್ನೊಂದು ಸಂಗತಿ. 1950ರ ದಶಕದಲ್ಲಿ ಜಪಾನಿನಲ್ಲಿ ರಕ್ತಭೇದಿ ತರುವ ಷಿಗೆಲ್ಲಾ ಒಟ್ಟೊಟ್ಟಿಗೆ ನಾಲ್ಕು ಔಷಧಿಗಳಿಗೆ ಬಗ್ಗದೆ ನಿಂತಿತು. ನಾಲ್ಕು ತಪ್ಪುಗಳು ಒಂದೇ ಸಲ ಆಗುವುದು ಹೇಗೆ? ಹುಡುಕಿದಾಗ ಗೊತ್ತಾಯಿತು, ಆ ಗುಣ ಅದಕ್ಕೆ ಬೇರೆ ಬ್ಯಾಕ್ಟೀರಿಯಾದಿಂದ ಬಂದಿತ್ತು. ನಮ್ಮೂರಿನಲ್ಲಿ ಬಿತ್ತನೆ ರಾಗಿಯನ್ನು ಕೈಗಡ ಕೊಡುತ್ತಾರಲ್ಲ, ಹಾಗೆ. ಪ್ಲಾಸ್ಮಿಡ್ ಅನ್ನುವ ಸಣ್ಣ ಡಿಎನ್‌ಎ ಉಂಗುರದಲ್ಲಿ ಈ ಗುಣಗಳು ಇರುತ್ತವೆ. ಒಂದು ಬ್ಯಾಕ್ಟೀರಿಯಾ ಅದರ ನಕಲು ಮಾಡಿ ಪಕ್ಕದ್ದಕ್ಕೆ ದಾಟಿಸುತ್ತದೆ. ಪಕ್ಕದ್ದು ಬೇರೆ ಜಾತಿಯದಾದರೂ ಆಗುತ್ತದೆ. ಕರುಳಿನಲ್ಲಿ ಸುಮ್ನೆ ಇರುವ ಯಾವುದೋ ಇ. ಕೋಲೈ, ರೋಗ ತರುವ ಕ್ಲೆಬ್ಸಿಯೆಲ್ಲಾಗೆ ಹೀಗೆ ದಾಟಿಸಬಹುದು. ಅದಕ್ಕೇ ಬೇಡದ ಮಾತ್ರೆಯ ಒಂದೊಂದು ಗುಳಿಗೆಯೂ ಲೆಕ್ಕಕ್ಕೆ ಬರುತ್ತದೆ. ನೆಗಡಿ ವೈರಸ್‌ನಿಂದ ಬರುವುದು, ಅದಕ್ಕೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ. ಆದರೆ ಕರುಳಿನ ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲಿ ಗಟ್ಟಿಯಾದವನ್ನು ಮಾತ್ರ ಆರಿಸಿ ಉಳಿಸುತ್ತದೆ.

ಕಾರ್ಬಪೆನೆಮ್ ಅನ್ನುವ ಕೊನೆಯ ಸಾಲಿನ ಔಷಧಿಗಳನ್ನೂ ಕತ್ತರಿಸುವ ಎನ್‌ಡಿಎಂ-1 ಕಿಣ್ವದ ಸುದ್ದಿ ಬಂದಾಗ ನಮ್ಮ ದೇಶದಲ್ಲಿ ದೊಡ್ಡ ಗಲಾಟೆಯಾಯಿತು. ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ್ದ ರೋಗಿಯಲ್ಲಿ ಅದನ್ನು ಮೊದಲು ಗುರುತಿಸಿದ್ದರು. ಎನ್‌ಡಿ ಅಂದರೆ ನ್ಯೂಡೆಲ್ಲಿ; ಹೆಸರಿನಲ್ಲಿ ನವದೆಹಲಿ ಯಾಕೆ ಬಂತು ಅನ್ನುವುದರ ಮೇಲೇ ಹೆಚ್ಚು ಚರ್ಚೆ ನಡೆಯಿತು. ಬೇಜಾರಾಗುವುದು ಸಹಜ. ಆದರೆ 2011ರಲ್ಲಿ ದೆಹಲಿಯ ರಸ್ತೆ ಬದಿಯಲ್ಲಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ನಲ್ಲಿ ನೀರಿನ 50 ಮಾದರಿಗಳಲ್ಲಿ 2ರಲ್ಲಿ ಆ ಕಿಣ್ವ ಮಾಡಿಸುವ ಜೀನ್ ಸಿಕ್ಕಿತು ಅನ್ನುವ ವರದಿ ಬಂದಾಗ ನಾವು ಚರ್ಚಿಸಬೇಕಿದ್ದದ್ದು ಚರಂಡಿಯ ಬಗ್ಗೆ. ಆ ಮಾತು ಬರಲೇ ಇಲ್ಲ.

ಆ ಎರಡು ದಿನ

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಆಂಟಿಬಯೋಟಿಕ್ ನಾಟದೆ ಹೋಗುವುದಕ್ಕೆ ಜನರ ಅಸಡ್ಡೆಯೇ ಕಾರಣ ಅಂತ ಎಲ್ಲ ಕಡೆ ಹೇಳುತ್ತಾರೆ. ಕೋರ್ಸ್ ಮುಗಿಸಲಿಲ್ಲ, ಚೀಟಿ ಇಲ್ಲದೆ ಮಾತ್ರೆ ತಗೊಂಡರು ಅಂತ. ನಾನೂ ಮೊದಮೊದಲು ಶಾಲೆ ಕಾಲೇಜುಗಳಲ್ಲಿ ಹಾಗೇ ಭಾಷಣ ಮಾಡಿದ್ದೇನೆ. ಈಗ ಮಾಡುವುದಿಲ್ಲ.

ಲೆಕ್ಕ ಹಾಕಿ ನೋಡಿ. ಮದ್ದೂರು ಕಡೆಯ ಒಬ್ಬ ಹೆಂಗಸಿಗೆ ಉರಿಮೂತ್ರ, ಚಳಿ ಜ್ವರ. ಕಬ್ಬಿನ ಗದ್ದೆಗೆ ಕೂಲಿಗೆ ಹೋಗುವವರು. ಸೋಮವಾರ ಮೂತ್ರ ಕೊಟ್ಟರು ಅನ್ನೋಣ. ಪ್ಲೇಟಿಗೆ ಹಾಕಿದರೆ ಬೆಳೆ ಕಾಣುವುದು ಮಂಗಳವಾರ. ಅವತ್ತು ಬಿಲ್ಲೆ ಇಟ್ಟರೆ ಫಲಿತಾಂಶ ಬುಧವಾರ. ಎಲ್ಲವೂ ಸರಿಯಾಗಿ ನಡೆದರೆ ವರದಿ ಬುಧವಾರ ಸಂಜೆ ಅವರ ಕೈಗೆ. ರಕ್ತದ ಕಲ್ಚರ್, ಅಂದರೆ ರಕ್ತದಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು, ಆದರೆ ಇನ್ನೂ ತಡ. ಅಲ್ಲಿವರೆಗೆ ಆಕೆ ಏನು ಮಾಡಬೇಕು? ಚಳಿಯಲ್ಲಿ ನಡುಗುತ್ತಾ ಕಾಯಬೇಕಾ? ಕೂಲಿ ಬಿಟ್ಟು ಮತ್ತೆ ಬಸ್ ಹತ್ತಿ ವರದಿಗೆ ಬರಬೇಕಾ?

ಯಾವ ವೈದ್ಯರೂ ಕಾಯಿಸುವುದಿಲ್ಲ, ಕಾಯಿಸಬಾರದು ಕೂಡ. ಅಂದಾಜಿನ ಮೇಲೆ ಔಷಧಿ ಬರೆಯುತ್ತಾರೆ. ಬ್ಯಾಕ್ಟೀರಿಯಾ ಯಾವುದು ಅಂತ ಗೊತ್ತಿಲ್ಲ, ಯಾವುದಕ್ಕೆ ಬಗ್ಗುತ್ತದೆ ಅಂತ ಗೊತ್ತಿಲ್ಲ. ರೋಗಿ ಮತ್ತೆ ಬರುತ್ತಾರೋ ಇಲ್ಲವೋ ಅದೂ ಗೊತ್ತಿಲ್ಲ. ಹೀಗಿರುವಾಗ ಸಣ್ಣ ಔಷಧಿ ಬರೆದು ಅದು ನಾಟದೆ ಹೋದರೆ? ಆ ಹೆದರಿಕೆಯಿಂದ ಒಂದು ಮೆಟ್ಟಿಲು ಮೇಲಿನದನ್ನು ಬರೆಯುತ್ತಾರೆ. ನಾನು ಅವರ ಜಾಗದಲ್ಲಿದ್ದರೂ ಪ್ರಾಯಶಃ ಅದನ್ನೇ ಮಾಡುತ್ತಿದ್ದೆ. ಮುಂದಿನ ಸಲ ಆಕೆ ವೈದ್ಯರ ಹತ್ತಿರವೂ ಹೋಗುವುದಿಲ್ಲ. ಹಳೇ ಪಟ್ಟಿ ತೋರಿಸಿ "ಅಣ್ಣಾ, ಇದೇ ಮೂರು ದಿನಕ್ಕಾಗೋಷ್ಟು ಕೊಡಿ" ಅಂತ ಮೆಡಿಕಲ್ ಶಾಪಿನಲ್ಲಿ ಕೇಳುತ್ತಾರೆ. ಮೂತ್ರ ಪರೀಕ್ಷೆಗೆ ಕೊಟ್ಟಾಗಲೂ ನನ್ನ ವರದಿ ಬರುವ ಹೊತ್ತಿಗೆ ಮೂರು ದಿನದ ಮಾತ್ರೆ ಮುಗಿದಿರುತ್ತದೆ. ಎಷ್ಟೋ ವರದಿಗಳನ್ನು ತೆಗೆದುಕೊಂಡು ಹೋಗಲು ಯಾರೂ ಬರುವುದೇ ಇಲ್ಲ. ಕೌಂಟರಿನ ಟ್ರೇಯಲ್ಲಿ ಹಾಗೇ ಉಳಿದ ಹಾಳೆಗಳನ್ನು ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಕೋರ್ಸ್ ಮುಗಿಸಿ ಅನ್ನುವ ಮಾತೂ ನಾವು ಅಂದುಕೊಂಡಷ್ಟು ಸರಳವಲ್ಲ. ಕ್ಷಯದಂಥ ಕಾಯಿಲೆಯಲ್ಲಿ ಮಧ್ಯಕ್ಕೆ ಬಿಡುವುದು ಅಪಾಯ, ಅದರಲ್ಲಿ ಅನುಮಾನವಿಲ್ಲ. ಆದರೆ ಎಷ್ಟೋ ಸಾಮಾನ್ಯ ಸೋಂಕುಗಳಿಗೆ ಕಡಿಮೆ ದಿನದ ಔಷಧಿಯೇ ಸಾಕು ಅಂತ ಈಚಿನ ಅಧ್ಯಯನಗಳು ತೋರಿಸಿವೆ. ಬೇಕಾದ್ದಕ್ಕಿಂತ ಜಾಸ್ತಿ ದಿನ ನುಂಗಿದರೂ ಕರುಳಿನಲ್ಲಿ ಗಟ್ಟಿ ಬ್ಯಾಕ್ಟೀರಿಯಾವೇ ಉಳಿಯುತ್ತದೆ. ಎಷ್ಟು ದಿನ ಅಂತ ನಿಮ್ಮ ಕಾಯಿಲೆ ನೋಡಿದ ವೈದ್ಯರು ಹೇಳಬೇಕು. ಅವರು ಸರಿಯಾಗಿ ಹೇಳಬೇಕಾದರೆ ಅವರ ಕೈಗೆ ವರದಿ ಬೇಕು.

ಜಗತ್ತಿನ ಲೆಕ್ಕ ದೊಡ್ಡದಿದೆ. 2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ನೇರವಾಗಿ ಸತ್ತವರು 12.7 ಲಕ್ಷ ಅಂತ ಲ್ಯಾನ್ಸೆಟ್ ಪತ್ರಿಕೆಯ ಅಂದಾಜು. ಅದರ ಪಾಲಿದ್ದ ಸಾವುಗಳನ್ನೂ ಸೇರಿಸಿದರೆ 49.5 ಲಕ್ಷ. ಹೀಗೇ ಹೋದರೆ 2025ರಿಂದ 2050ರ ಒಳಗೆ 3.9 ಕೋಟಿ ಜನ ನೇರವಾಗಿ ಸಾಯುತ್ತಾರೆ ಅಂತ 2024ರ ಅಂದಾಜು. ಈ ಸಂಖ್ಯೆಗಳನ್ನು ಕೇಳಿದವರು ಹೊಸ ಔಷಧಿ ಯಾಕೆ ಬರುತ್ತಿಲ್ಲ ಅಂತ ಕೇಳುತ್ತಾರೆ. ಬರುತ್ತಿವೆ. 2024ರಲ್ಲಿ ನಮ್ಮ ದೇಶದ್ದೇ ಆದ ನ್ಯಾಫಿಥ್ರೊಮೈಸಿನ್ ಬಂತು. ಆದರೆ ಆಂಟಿಬಯೋಟಿಕ್ ಮಾಡಿ ಕಂಪನಿಗಳು ಉಳಿಯುವುದು ಕಷ್ಟ. ಒಳ್ಳೆಯ ಹೊಸ ಔಷಧಿಯನ್ನು ಕಡಿಮೆ ಬಳಸಿ ಕಾಪಾಡಿಕೊಳ್ಳಬೇಕು, ಕಡಿಮೆ ಬಳಸಿದರೆ ಅವರಿಗೆ ದುಡ್ಡು ಬರುವುದಿಲ್ಲ. ಅಮೆರಿಕದ ಅಕಾಜೆನ್ ಕಂಪನಿಯ ಔಷಧಿಗೆ 2018ರಲ್ಲಿ ಒಪ್ಪಿಗೆ ಸಿಕ್ಕಿತು, 2019ರಲ್ಲಿ ಕಂಪನಿ ದಿವಾಳಿಯಾಯಿತು. ಹೊಸ ಔಷಧಿ ಬೇಕು, ನಿಜ. ಆದರೆ ಅದನ್ನೂ ಅಂದಾಜಿನ ಮೇಲೇ ಬರೆದರೆ ಅದರ ಕಥೆಯೂ ಇಷ್ಟೇ.

ಕೊಟ್ಟಿಗೆಯಲ್ಲೂ ಅದೇ ಕಥೆ

ಪಿಎಚ್‌.ಡಿ. ಮುಗಿದ ಮೇಲೆ ಕೆಲವು ಕಾಲ ನಾನು ಮಂಡ್ಯ ಕಡೆಯ ಹಳ್ಳಿಗಳಲ್ಲಿ ಕೆಚ್ಚಲು ಬಾವು ಬಂದ ಹಸುಗಳ ಹಾಲು ಸಂಗ್ರಹಿಸುತ್ತಾ ಅಲೆದೆ. ಐಸ್ ಪೆಟ್ಟಿಗೆ ಹಿಡಿದು ಬೆಳಿಗ್ಗೆ 5 ಗಂಟೆಗೇ ಕೊಟ್ಟಿಗೆಗೆ ಹೋಗಬೇಕಿತ್ತು. ಅಧ್ಯಯನದ ಹಣ ಮಧ್ಯದಲ್ಲಿ ನಿಂತು ಅದು ಅರ್ಧಕ್ಕೇ ಉಳಿಯಿತು. ಆದರೆ ಅಲ್ಲಿ ಕಲಿತದ್ದು ಲ್ಯಾಬಿನಲ್ಲಿ ಕಲಿತದ್ದಕ್ಕಿಂತ ಕಡಿಮೆಯಲ್ಲ.

ಒಬ್ಬ ಹಿರಿಯರು ಹೇಳಿದ ಮಾತು ನೆನಪಿದೆ. "ಮೂರು ದಿನ ಬುಟ್ರೆ ಕೆಚ್ಲು ಕಲ್ಲಾಯ್ತದೆ ಕಣವ್ವ. ಆಮೇಲೆ ಹಸ ಇದ್ರೂ ಒಂದೇ, ಇಲ್ದಿದ್ರೂ ಒಂದೇ." ಎರಡು ಹಸುವಿನ ಹಾಲಿನ ಮೇಲೆ ಮನೆ ನಡೆಯುವಾಗ ಅವರು ಕಲ್ಚರ್ ವರದಿಗೆ ಕಾಯುತ್ತಾರಾ? ಸಿಕ್ಕ ಟ್ಯೂಬ್ ಹಾಕುತ್ತಾರೆ. ಅದು ನಾಟದಿದ್ದರೆ ಇನ್ನೊಂದು. ಕೆಚ್ಚಲು ಬಾವು ತರುವ ಸ್ಟೆಫೈಲೊಕಾಕಸ್ ಆರಿಯಸ್ ಹಾಲು ಕರೆಯುವವರ ಕೈಯಲ್ಲಿ, ಮೂಗಿನಲ್ಲಿ ಇರುವ ಬ್ಯಾಕ್ಟೀರಿಯಾವೂ ಹೌದು. ಹಸುವಿನಿಂದ ಮನುಷ್ಯರಿಗೆ, ಮನುಷ್ಯರಿಂದ ಹಸುವಿಗೆ ಅದು ದಾಟುತ್ತದೆ. ಕೊಟ್ಟಿಗೆಯ ಗಂಜಲ, ಸಗಣಿ ತಿಪ್ಪೆಗೆ, ತಿಪ್ಪೆಯಿಂದ ಗದ್ದೆಗೆ, ಗದ್ದೆಯಿಂದ ನಾಲೆಗೆ. ಕೋಳಿ ಸಾಕಣೆಯಲ್ಲಿ ಮೈ ತುಂಬಿಕೊಳ್ಳಲಿ ಅಂತ ಔಷಧಿ ಹಾಕುವ ಅಭ್ಯಾಸ ಇನ್ನೂ ಕೆಟ್ಟದು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧಿಯನ್ನು ಕೋಳಿ, ದನ, ಮೀನುಗಳಿಗೆ ಕೊಡುವುದನ್ನು ಸರ್ಕಾರ 2019ರಲ್ಲಿ ನಿಷೇಧಿಸಿತು. ಅದು ಒಳ್ಳೆಯ ಹೆಜ್ಜೆ.

ಕೊಟ್ಟಿಗೆಯಲ್ಲಿ ಔಷಧಿಗಿಂತ ಮೊದಲು ಮಾಡಬಹುದಾದದ್ದು ತುಂಬಾ ಇದೆ. ಹಾಲು ಕರೆದ ಮೇಲೆ ಅರ್ಧ ಗಂಟೆಯಾದರೂ ಮೊಲೆಯ ತೂತು ಪೂರ್ತಿ ಮುಚ್ಚಿರುವುದಿಲ್ಲ. ಆಗ ಹಸು ಸಗಣಿಯ ಮೇಲೆ ಮಲಗಿದರೆ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ಕರೆದ ತಕ್ಷಣ ಮೇವು ಹಾಕಿದರೆ ಹಸು ನಿಂತೇ ತಿನ್ನುತ್ತದೆ. ಕರೆದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು ಇನ್ನೊಂದು. ಬಾವು ಕಣ್ಣಿಗೆ ಕಾಣುವ ಮೊದಲೇ ಹಿಡಿಯುವ ಪರೀಕ್ಷೆಯೂ ಇದೆ. ಸೋಪಿನಂಥ ಒಂದು ದ್ರಾವಣವನ್ನು ಹಾಲಿಗೆ ಬೆರೆಸಿ ತಿರುಗಿಸಿದರೆ ಬಾವಿರುವ ಮೊಲೆಯ ಹಾಲು ಗಂಜಿಯ ಹಾಗೆ ದಪ್ಪಗಾಗುತ್ತದೆ. ಒಂದು ನಿಮಿಷದ ಕೆಲಸ, ಕೊಟ್ಟಿಗೆಯಲ್ಲೇ ಆಗುತ್ತದೆ. ಈ ದ್ರಾವಣ ಪ್ರತಿ ಡೈರಿಯಲ್ಲೂ ಸಿಗುವಂತೆ ಮಾಡಿದರೆ ಎಷ್ಟು ಟ್ಯೂಬ್ ಉಳಿಯುತ್ತದೆ ಯೋಚಿಸಿ. ಆಮೇಲೂ ಔಷಧಿ ಹಾಕಲೇಬೇಕಾಗಿ ಬಂದರೆ, ಲೇಬಲ್ಲಿನಲ್ಲಿ ಹೇಳಿದಷ್ಟು ದಿನ ಆ ಹಾಲು ಡೈರಿಗೂ ಬೇಡ, ಮನೆಗೂ ಬೇಡ. ಇದನ್ನು ಅವ್ವನಂಥವರಿಗೆ ಬಾಯಿಬಿಟ್ಟು ಹೇಳುವವರು ಬೇಕು.

ಲ್ಯಾಬ್ ಹತ್ತಿರ ಬರಬೇಕು

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಅನ್ನುವ ಔಷಧಿಗಳ ಪಟ್ಟಿ ಜಾರಿಯಲ್ಲಿದೆ. ಆ ಪಟ್ಟಿಯ ಔಷಧಿ ಮಾರಿದರೆ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರು ಬರೆದು ಮೂರು ವರ್ಷ ಇಟ್ಟಿರಬೇಕು. ಕೇರಳ ಇದರ ಮೇಲೆ ಗಟ್ಟಿಯಾಗಿ ನಿಂತಿದೆ, ಅಂಗಡಿಗಳನ್ನು ತಪಾಸಣೆ ಮಾಡುತ್ತಿದೆ. ನಾವೂ ಮಾಡಬೇಕು. ಆದರೆ ಅಂಗಡಿಯ ಬಾಗಿಲು ಮುಚ್ಚಿ, ಬೇರೆ ಬಾಗಿಲು ತೆರೆಯದಿದ್ದರೆ ಆ ಮದ್ದೂರಿನ ಹೆಂಗಸು ಎಲ್ಲಿಗೆ ಹೋಗಬೇಕು?

ಕಲ್ಚರ್ ಮಾಡುವ ಒಳ್ಳೆಯ ಲ್ಯಾಬುಗಳು ಹೆಚ್ಚಾಗಿ ಇರುವುದು ಮೈಸೂರಿನ ದೊಡ್ಡ ಆಸ್ಪತ್ರೆಗಳಲ್ಲಿ, ಮಂಡ್ಯದ ಮಿಮ್ಸ್‌ನಂಥ ವೈದ್ಯಕೀಯ ಕಾಲೇಜುಗಳಲ್ಲಿ. ಮೂತ್ರವನ್ನು ತೆಗೆದ ಎರಡು ಗಂಟೆಯೊಳಗೆ ಪ್ಲೇಟಿಗೆ ಹಾಕಬೇಕು, ಇಲ್ಲವೇ ತಣ್ಣಗೆ ಇಟ್ಟಿರಬೇಕು. ಕೆ.ಆರ್. ಪೇಟೆಯಿಂದ ಏಪ್ರಿಲ್ ಬಿಸಿಲಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಬಸ್ಸಿನಲ್ಲಿ ಬಂದ ಬಾಟಲಿಯೊಳಗೆ ಬ್ಯಾಕ್ಟೀರಿಯಾ ದಾರಿಯುದ್ದಕ್ಕೂ 20 ನಿಮಿಷಕ್ಕೊಮ್ಮೆ ಎರಡಾಗುತ್ತಾ ಬಂದಿರುತ್ತದೆ. ಒಂದು ಮಿಲಿಲೀಟರಿಗೆ ಒಂದು ಲಕ್ಷ ಇದ್ದರೆ ಸೋಂಕು ಅಂತ ನಾವು ಲೆಕ್ಕ ಹಾಕುತ್ತೇವೆ. ಬಸ್ಸಿನಲ್ಲಿ ಬೆಳೆದ ಲಕ್ಷವೋ, ಮೈಯಲ್ಲಿದ್ದ ಲಕ್ಷವೋ ಹೇಳುವುದು ಹೇಗೆ? ಇಲ್ಲದ ಸೋಂಕಿಗೂ ಔಷಧಿ ಕೊಟ್ಟಂತಾಗುತ್ತದೆ.

ಇನ್ನೊಂದು ತೊಡಕು ಹೊರಗಿನವರಿಗೆ ಸುಲಭವಾಗಿ ಕಾಣುವುದಿಲ್ಲ. ದೊಡ್ಡ ಆಸ್ಪತ್ರೆಗೆ ಬರುವುದೇ ಎರಡು ಮೂರು ಔಷಧಿ ನಾಟದೆ ಸೋತವರ ಮಾದರಿ. ಅವರನ್ನು ಮಾತ್ರ ಎಣಿಸಿದರೆ ಆರ್ ಜಾಸ್ತಿ ಬಂದೇ ಬರುತ್ತದೆ. ಆ ಅಂಕಿಅಂಶ ನೋಡಿದ ತಾಲ್ಲೂಕಿನ ವೈದ್ಯರು, ಮೊದಲ ಸಲ ಕಾಯಿಲೆ ಬಿದ್ದವರಿಗೂ ಹಳೇ ಔಷಧಿ ನಾಟುವುದಿಲ್ಲ ಅಂದುಕೊಂಡು ದೊಡ್ಡದನ್ನೇ ಬರೆಯುತ್ತಾರೆ. ಊರಿನಲ್ಲಿ ಮೊದಲ ಸಲ ಉರಿಮೂತ್ರ ಬಂದವರ ಬ್ಯಾಕ್ಟೀರಿಯಾ ಹೇಗಿದೆ ಅನ್ನುವ ಲೆಕ್ಕವೇ ಬೇರೆ. ಅದು ಊರಿನಲ್ಲೇ ಆಗಬೇಕು. ವರ್ಷಕ್ಕೊಮ್ಮೆ ತಾಲ್ಲೂಕಿಗೊಂದು ಪಟ್ಟಿ, ಇಲ್ಲಿ ಯಾವ ಔಷಧಿ ಇನ್ನೂ ನಾಟುತ್ತದೆ ಅಂತ. ಅಷ್ಟಿದ್ದರೆ ವೈದ್ಯರ ಅಂದಾಜೂ ಒಳ್ಳೆಯ ಅಂದಾಜಾಗುತ್ತದೆ.

ಇದು ಆಗದ ಮಾತಲ್ಲ. ಕ್ಷಯವನ್ನೇ ನೋಡಿ. ಮೈಸೂರಿನ ಕೆ.ಆರ್.ಎಸ್. ರಸ್ತೆಯ ಪಿ.ಕೆ.ಟಿ.ಬಿ. ಆಸ್ಪತ್ರೆ, ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿನಲ್ಲಿ ಕಟ್ಟಿದ್ದು. ಅವರು ತೀರಿಕೊಂಡದ್ದು ಕ್ಷಯದಿಂದ. ಅರಮನೆಯವರಿಗೂ ಆಗ ಔಷಧಿ ಇರಲಿಲ್ಲ, ಒಳ್ಳೆಯ ಗಾಳಿ ಬೆಳಕಷ್ಟೇ ಚಿಕಿತ್ಸೆ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು. ಅದೊಂದನ್ನೇ ಕೊಟ್ಟಾಗ ಕೆಲವೇ ತಿಂಗಳಲ್ಲಿ ಕ್ಷಯದ ಬ್ಯಾಕ್ಟೀರಿಯಾ ಬಗ್ಗದೆ ನಿಂತದ್ದನ್ನು 1948ರ ಪ್ರಯೋಗದಲ್ಲೇ ಕಂಡರು. ಆಮೇಲೆ ಔಷಧಿಗಳನ್ನು ಜೊತೆ ಸೇರಿಸಿ ಕೊಡಲು ಕಲಿತರು. ಈಗ ನಮ್ಮ ದೇಶದಲ್ಲೇ ತಯಾರಾದ ಟ್ರೂನ್ಯಾಟ್ ಯಂತ್ರ ಕಫದಲ್ಲಿ ಕ್ಷಯ ಇದೆಯಾ, ಇದ್ದರೆ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಬಗ್ಗುತ್ತದಾ ಅಂತ ಒಂದೆರಡು ಗಂಟೆಯಲ್ಲಿ ಹೇಳುತ್ತದೆ. ಸರ್ಕಾರಿ ಕಾರ್ಯಕ್ರಮದಲ್ಲಿ ಈ ಪರೀಕ್ಷೆಗೆ ದುಡ್ಡಿಲ್ಲ. ಕ್ಷಯಕ್ಕೆ ಆಗಿದ್ದು ಉರಿಮೂತ್ರಕ್ಕೆ, ಕೀವುಗಾಯಕ್ಕೆ, ಬಾಣಂತಿಯ ಜ್ವರಕ್ಕೆ ಯಾಕೆ ಆಗಬಾರದು?

ಎಲ್ಲದಕ್ಕೂ ದೊಡ್ಡ ಯಂತ್ರವೇ ಬೇಕಿಲ್ಲ. 1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಕಂಡುಹಿಡಿದ ಬಣ್ಣದ ವಿಧಾನ ಇವತ್ತಿಗೂ ಇದೆ. ಕೀವನ್ನೋ ಮೂತ್ರವನ್ನೋ ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ತೊಳೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಕಾಲು ಗಂಟೆಯ ಕೆಲಸ. ಬ್ಯಾಕ್ಟೀರಿಯಾ ನೇರಳೆ ದುಂಡೋ, ಗುಲಾಬಿ ಕಡ್ಡಿಯೋ ಅಂತ ಗೊತ್ತಾದರೆ ಅರ್ಧ ಅಂದಾಜು ಅಲ್ಲೇ ಸರಿಹೋಗುತ್ತದೆ. ಮೈಕ್ರೋಸ್ಕೋಪ್ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇದೆ, ಕಫ ನೋಡಲು ಅಂತ ಇಟ್ಟದ್ದು. ಅದರ ಮುಂದೆ ಕೂರುವ, ಕಣ್ಣು ಪಳಗಿದ ಲ್ಯಾಬ್ ಟೆಕ್ನಿಷಿಯನ್ ಬೇಕು. ಅವರಿಗೆ ತರಬೇತಿ, ಕಾಯಂ ಕೆಲಸ, ಸಮಯಕ್ಕೆ ಸಂಬಳ ಬೇಕು. ಗುತ್ತಿಗೆಯ ಮೇಲೆ ಆರು ತಿಂಗಳಿಗೊಬ್ಬರು ಬದಲಾದರೆ ಕಣ್ಣು ಪಳಗುವುದು ಯಾವಾಗ?

ಕಳೆದ ಮಳೆಗಾಲದಲ್ಲಿ ನಾಗಮಂಗಲ ಕಡೆಯ ಒಬ್ಬ ಯುವ ವೈದ್ಯೆ ನನಗೆ ಫೋನ್ ಮಾಡಿದ್ದರು. ಮೂತ್ರದ ಮಾದರಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು, ಮೈಸೂರಿಗೆ ಬರುತ್ತಿದ್ದ ಯಾರದೋ ಕೈಯಲ್ಲಿ ಬೆಳಿಗ್ಗೆಯೇ ಕಳಿಸಿದ್ದರು. "ಮೇಡಂ, ಪೂರ್ತಿ ರಿಪೋರ್ಟ್ ನಾಳಿದ್ದು ಅಂತ ಗೊತ್ತು. ಗ್ರಾಂ ಸ್ಟೇನ್‌ನಲ್ಲಿ ಏನು ಕಾಣ್ತು ಅಂತ ಈಗ್ಲೇ ಹೇಳ್ತೀರಾ? ಪೇಷೆಂಟ್ ಇಲ್ಲೇ ಕೂತಿದ್ದಾರೆ." ಗುಲಾಬಿ ಕಡ್ಡಿಗಳು ಕಂಡಿದ್ದವು, ಹೇಳಿದೆ. ಜ್ವರ ಇಲ್ಲ, ಬೆನ್ನು ನೋವಿಲ್ಲ, ಬರೀ ಉರಿ ಅಂದರು. ದೊಡ್ಡ ಇಂಜೆಕ್ಷನ್ ಬೇಡ, ನೈಟ್ರೊಫ್ಯುರಾಂಟೊಯಿನ್ ಸಾಕು ಅಂತ ಅವರೇ ತೀರ್ಮಾನಿಸಿದರು. 1950ರ ದಶಕದ ಹಳೇ ಮಾತ್ರೆ ಅದು.

ಮೂರನೇ ದಿನ ಬಿಲ್ಲೆಗಳನ್ನು ಅಳೆದೆ. ಏಳು ಔಷಧಿಗಳ ಎದುರು ಆರ್. ನೈಟ್ರೊಫ್ಯುರಾಂಟೊಯಿನ್ ಬಿಲ್ಲೆಯ ಸುತ್ತ ದುಂಡಗೆ, ಅಗಲವಾಗಿ ಬಯಲು. ಅದರ ಫೋಟೋ ತೆಗೆದು ಅವರಿಗೆ ಕಳಿಸಿದೆ. "ಉರಿ ನಿನ್ನೇನೇ ಕಮ್ಮಿ ಆಯ್ತಂತೆ ಮೇಡಂ, ಅದನ್ನೇ ಮುಂದುವರಿಸ್ತೀನಿ" ಅಂತ ಉತ್ತರ ಬಂತು.